ಪಿಕಪ್ ಇಲ್ಲ ಅಂತ ಎಥನಾಲ್‌ಗೆ ಬೈಯೋ ಮೊದಲು: ಸಣ್ಣ ಕಾರಿನ ವೇಗವರ್ಧನೆಯ ಪೂರ್ತಿ ಲೆಕ್ಕ

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ, ಅಮ್ಮ, ತಂಗಿಯನ್ನು ಕೂರಿಸಿಕೊಂಡು ತಿಪಟೂರಿನಿಂದ ಹುಳಿಯಾರಿನ ಕಡೆ ಹೊರಟಿದ್ದೆ. ಎರಡು ಲೇನಿನ ರಸ್ತೆ. ಮುಂದೆ ತೆಂಗಿನಕಾಯಿ ತುಂಬಿದ ಲಾರಿ, ಗಂಟೆಗೆ 45 ಕಿ.ಮೀ. ವೇಗದಲ್ಲಿ ತೆವಳುತ್ತಿತ್ತು. ದೂರದಲ್ಲಿ ಬಸ್ಸೊಂದು ಬರುತ್ತಿದ್ದದ್ದು ಕಾಣಿಸಿದರೂ ಜಾಗ ಸಾಕು ಅನ್ನಿಸಿತು. ಬಲಕ್ಕೆ ತೆಗೆದು ಆಕ್ಸಿಲರೇಟರ್ ತುಳಿದೆ. ಇಂಜಿನ್ ಗುರ್ ಅಂದಿತೇ ಹೊರತು ಗಾಡಿ ಎಳೆಯಲಿಲ್ಲ. ಲಾರಿಯ ಪಕ್ಕದಲ್ಲೇ ಸಿಕ್ಕಿಹಾಕಿಕೊಂಡೆ. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿ ಮಣ್ಣಿಗಿಳಿಸಿದ್ದರಿಂದ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಆಮೇಲೆ ಊರು ಮುಟ್ಟುವವರೆಗೂ ಒಂದು ಮಾತಾಡಲಿಲ್ಲ.

ಆ ರಾತ್ರಿ ನನ್ನ ಸಿಟ್ಟೆಲ್ಲ ಒಂದೇ ಕಡೆ ಹೋಯಿತು: ಇ20 ಪೆಟ್ರೋಲ್. ಎಂಟು ವರ್ಷ ಹಳೆಯ ನನ್ನ 1.2 ಲೀಟರ್ ಹ್ಯಾಚ್‌ಬ್ಯಾಕ್‌ನ ಪಿಕಪ್ಪನ್ನು ಸರ್ಕಾರದ ಎಥನಾಲ್ ತಿಂದುಹಾಕಿದೆ ಅಂತ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ. ಎಲ್ಲರೂ ಹೌದು ಹೌದು ಅಂದರು. ಮರುದಿನ ಮೆಕ್ಯಾನಿಕ್ ಹತ್ತಿರ ಹೋದಾಗ ಆತ ಬಾನೆಟ್ ಎತ್ತುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಓವರ್‌ಟೇಕ್ ಮಾಡುವಾಗ ಯಾವ ಗೇರಲ್ಲಿದ್ರಿ?"

"ಐದು."

"ಮತ್ತೆ ಗಾಡಿಗ್ಯಾಕೆ ಬೈತೀರಿ?"

ಆಮೇಲೆ ನೋಡಿದರೆ ಟೈರಿನಲ್ಲಿ ಗಾಳಿ 33 ಇರಬೇಕಾದಲ್ಲಿ 24 ಇತ್ತು. ಏರ್ ಫಿಲ್ಟರ್ ತೆಗೆದರೆ ಕೆಮ್ಮಣ್ಣು ಉದುರಿತು. ಕ್ಲಚ್ ಪ್ಲೇಟ್ ಕೊನೆಯ ಉಸಿರೆಳೆಯುತ್ತಿತ್ತು. ನಾನು ಅಷ್ಟು ಜೋರಾಗಿ ಬೈದ ಎಥನಾಲ್‌ನ ಪಾಲು ಅದರಲ್ಲಿ ಎಷ್ಟು? ಈ ಪ್ರಶ್ನೆ ಹಿಡಿದು ಕೆಲವು ತಿಂಗಳು ಓದಿದೆ, ಲೆಕ್ಕ ಹಾಕಿದೆ. ಇ20ಯ ಮೇಲಿನ ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಕಾರಣ ಬದಲಾಯಿತು. ಸಣ್ಣ ಕಾರು ಇಟ್ಟುಕೊಂಡವರಿಗೆ, ಕೊಳ್ಳಲು ಹೊರಟವರಿಗೆ, ಮನೆಯ ಕಾರನ್ನು ಭಾನುವಾರ ಮಾತ್ರ ಓಡಿಸುವವರಿಗೆ ಉಪಯೋಗವಾಗಲಿ ಅಂತ ಆ ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇನೆ.

ಪಿಕಪ್ ಅಂದರೆ ನಿಜವಾಗಿ ಏನು?

ಕಾರಿನ ಜಾಹೀರಾತಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಪವರ್, ಇನ್ನೊಂದು ಟಾರ್ಕ್. ಟಾರ್ಕ್ ಅಂದರೆ ಇಂಜಿನ್ ತನ್ನ ಶಾಫ್ಟನ್ನು ತಿರುಚುವ ಬಲ. ಪವರ್ ಅಂದರೆ ಆ ಬಲದಿಂದ ಒಂದು ಸೆಕೆಂಡಿನಲ್ಲಿ ಎಷ್ಟು ಕೆಲಸ ಆಗುತ್ತದೆ ಅನ್ನುವುದು. ಒಂದೇ ಟಾರ್ಕ್ ಇದ್ದರೂ ಇಂಜಿನ್ ಎರಡು ಪಟ್ಟು ವೇಗವಾಗಿ ತಿರುಗಿದರೆ ಪವರ್ ಎರಡು ಪಟ್ಟಾಗುತ್ತದೆ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಈಗಿನ ಮಾರುತಿ ಸ್ವಿಫ್ಟ್‌ನ 1.2 ಲೀಟರ್ ಇಂಜಿನ್ ಉದಾಹರಣೆಗೆ ತೆಗೆದುಕೊಳ್ಳಿ. ಸುಮಾರು 82 ಪಿಎಸ್, ಅಂದರೆ 60 ಕಿಲೋವ್ಯಾಟ್ ಪವರ್. ಆದರೆ ಈ 60 ಕಿಲೋವ್ಯಾಟ್ ಸಿಗುವುದು ಇಂಜಿನ್ ನಿಮಿಷಕ್ಕೆ 5,700 ಸುತ್ತಿನ ಹತ್ತಿರ ಕಿರುಚುವಾಗ ಮಾತ್ರ. ನಾವು ದಿನನಿತ್ಯ ಓಡಿಸುವ 1,500-2,000 ಸುತ್ತಿನಲ್ಲಿ ಈ ಗಾತ್ರದ ಇಂಜಿನ್ ಕೊಡುವುದು 13ರಿಂದ 20 ಕಿಲೋವ್ಯಾಟ್. ಅಂದರೆ ಪೂರ್ತಿ ಸಂಬಳದ ಮೂರನೇ ಒಂದು ಭಾಗ. ಕಾರು ಕೊಂಡಾಗ 60ಕ್ಕೆ ದುಡ್ಡು ಕೊಟ್ಟಿರುತ್ತೇವೆ, ಓಡಿಸುವಾಗ 20ನ್ನು ಬಳಸಿ 'ಎಳೀತಿಲ್ಲ' ಅಂತೀವಿ.

ಇನ್ನೊಂದು ಕಡೆ ತೂಕ. ಎರಡು ಜನ ಕೂತ 1,100 ಕೆ.ಜಿ.ಯ ಕಾರನ್ನು ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ತರಲು ಬೇಕಾದ ಶಕ್ತಿ ಸುಮಾರು 424 ಕಿಲೋಜೂಲ್. ಅದು 12 ಸೆಕೆಂಡಿನಲ್ಲಿ ಆದರೆ ಸರಾಸರಿ 35 ಕಿಲೋವ್ಯಾಟ್ ಬಳಕೆಯಾಗಿದೆ ಅಂತ ಅರ್ಥ. ಉಳಿದದ್ದು ಗೇರ್ ಬದಲಿಸುವ ಬಿಡುವಿಗೆ, ಗೇರ್‌ಬಾಕ್ಸಿನ ಘರ್ಷಣೆಗೆ, ಗಾಳಿಯ ಅಡ್ಡಿಗೆ, ಟೈರಿನ ಉರುಳಿಗೆ ಹೋಗುತ್ತದೆ. ಜತೆಗೆ ಇಂಜಿನ್ ಕೆಳಗಿನ ಸುತ್ತಿನಲ್ಲಿ ಇರುವಷ್ಟು ಹೊತ್ತೂ ಅದರ ಪೂರ್ತಿ ಪವರ್ ಸಿಗುವುದೇ ಇಲ್ಲ. ಪಿಕಪ್ ಸುಧಾರಿಸುವುದು ಅಂದರೆ ಮೂರೇ ದಾರಿ: ಇಂಜಿನ್ನಿನ ಹತ್ತಿರ ಈಗಾಗಲೇ ಇರುವ ಪವರ್ ಬಳಸುವುದು, ನಡುವೆ ಸೋರುವುದನ್ನು ತಡೆಯುವುದು, ಹೊರುವ ತೂಕ ಇಳಿಸುವುದು. ನಾಲ್ಕನೆಯದು ಇಂಜಿನ್ನಿನ ಪವರನ್ನೇ ಏರಿಸುವುದು. ಹೆಚ್ಚು ಖರ್ಚಿನದು ಅದು, ಹೆಚ್ಚಿನವರಿಗೆ ಬೇಡದ್ದೂ ಅದೇ.

ನನ್ನ ಓವರ್‌ಟೇಕ್‌ನ ಪೋಸ್ಟ್‌ಮಾರ್ಟಂ

ಆ ದಿನದ ಲೆಕ್ಕ ಹಾಕೋಣ. ಕಾರು 950 ಕೆ.ಜಿ., ನಾಲ್ಕು ಜನ 260, ಸಾಮಾನು 60. ಒಟ್ಟು 1,270 ಕೆ.ಜಿ. ಗಂಟೆಗೆ 45ರಿಂದ 70 ಕಿ.ಮೀ.ಗೆ ಬರಲು ಬೇಕಾದ ಶಕ್ತಿ ಸುಮಾರು 141 ಕಿಲೋಜೂಲ್.

ಐದನೇ ಗೇರಿನಲ್ಲಿ ಆ ವೇಗಕ್ಕೆ ಇಂಜಿನ್ 1,400ರಿಂದ 2,200 ಸುತ್ತಿನಲ್ಲಿರುತ್ತದೆ. ಎಲ್ಲ ನಷ್ಟ ಕಳೆದು ವೇಗ ಹೆಚ್ಚಿಸಲು ಉಳಿಯುವುದು 12 ಕಿಲೋವ್ಯಾಟ್ ಆಸುಪಾಸು. ಸಮಯ: ಸುಮಾರು 12 ಸೆಕೆಂಡ್. ಅದೇ ಮೂರನೇ ಗೇರಿನಲ್ಲಿ ಇಂಜಿನ್ 2,400ರಿಂದ 3,700 ಸುತ್ತಿನಲ್ಲಿರುತ್ತದೆ. ಉಳಿಯುವುದು 26 ಕಿಲೋವ್ಯಾಟ್. ಸಮಯ: ಸುಮಾರು ಐದೂವರೆ ಸೆಕೆಂಡ್. ಅದೇ ಕಾರು, ಅದೇ ಪೆಟ್ರೋಲ್, ಅದೇ ರಸ್ತೆ. ಬದಲಾದದ್ದು ಎಡಗೈಯ ಕೆಲಸ ಮಾತ್ರ.

ಲಾರಿಯನ್ನು ಸುರಕ್ಷಿತವಾಗಿ ದಾಟಲು ಅದಕ್ಕಿಂತ ಸುಮಾರು 35 ಮೀಟರ್ ಹೆಚ್ಚು ದೂರ ಕ್ರಮಿಸಬೇಕು: ಹಿಂದೆ ಬಿಟ್ಟ ಜಾಗ, ಲಾರಿಯ ಉದ್ದ, ನಮ್ಮ ಕಾರಿನ ಉದ್ದ, ಮುಂದೆ ಸೇರಲು ಜಾಗ. ಐದನೇ ಗೇರಿನಲ್ಲಿ ಇದಕ್ಕೆ 11 ಸೆಕೆಂಡ್ ಬೇಕು. ಮೂರನೇ ಗೇರಿನಲ್ಲಿ 70 ಮುಟ್ಟಿದ ಮೇಲೆ ಅದೇ ವೇಗದಲ್ಲಿ ಹೋದರೂ 8 ಸೆಕೆಂಡಿನೊಳಗೆ ಮುಗಿಯುತ್ತದೆ. ಎದುರಿನ ಬಸ್ಸು 60 ಕಿ.ಮೀ. ವೇಗದಲ್ಲಿ ಬರುತ್ತಿದೆ ಅಂದುಕೊಂಡರೆ, ಮೊದಲನೆಯದಕ್ಕೆ ಎದುರು ಖಾಲಿ ಇರಬೇಕಾದ ರಸ್ತೆ ಸುಮಾರು 350 ಮೀಟರ್, ಎರಡನೆಯದಕ್ಕೆ 260. ಆ 90 ಮೀಟರಿನ ವ್ಯತ್ಯಾಸದಲ್ಲಿ ನಮ್ಮ ಮನೆಯ ನಾಲ್ಕು ಜನ ಇದ್ದೆವು.

ಏರು ಬಂದರೆ ಕತೆ ಇನ್ನೂ ಕಠಿಣ. ನೂರು ಮೀಟರಿಗೆ ಮೂರು ಮೀಟರ್ ಏರುವ ರಸ್ತೆ ಕಣ್ಣಿಗೆ ಏರು ಅನ್ನಿಸುವುದೇ ಇಲ್ಲ. ಆದರೆ ತುಂಬಿದ ಕಾರಿನಲ್ಲಿ ಅದು ಐದನೇ ಗೇರಿನ ಎಳೆತದ ಅರ್ಧವನ್ನು ನುಂಗುತ್ತದೆ. ಮೂರನೇ ಗೇರಿನಲ್ಲಿ ನುಂಗುವುದು ಕಾಲುಭಾಗಕ್ಕಿಂತ ಕಡಿಮೆ. ನೂರಕ್ಕೆ ಆರು ಮೀಟರ್ ಏರಿದರೆ, ಅಂದರೆ ಮಾಮೂಲಿ ಘಾಟಿ ರಸ್ತೆಯಲ್ಲಿ, ಐದನೇ ಗೇರಿನಲ್ಲಿ ವೇಗ ಹೆಚ್ಚಿಸಲು ಏನೂ ಉಳಿಯುವುದಿಲ್ಲ. ಶಿರಾಡಿ, ಚಾರ್ಮಾಡಿ ಹತ್ತುವಾಗ 'ಗಾಡಿ ಸುಸ್ತಾಯ್ತು' ಅನ್ನುವವರಲ್ಲಿ ಬಹುಪಾಲು ಜನ ಗೇರ್ ಇಳಿಸಲು ತಡ ಮಾಡಿದವರು.

ನಮಗೆ ಗೇರ್ ಇಳಿಸಲು ಯಾಕಿಷ್ಟು ಹಿಂಜರಿಕೆ? ನಮ್ಮ ಡ್ರೈವಿಂಗ್ ಪಾಠವೆಲ್ಲ ಮೈಲೇಜ್ ಪಾಠ. ಆದಷ್ಟು ಬೇಗ ಟಾಪ್ ಗೇರಿಗೆ ಹಾಕು, ಇಂಜಿನ್ ಕೂಗಿಸಬೇಡ. ಡ್ಯಾಶ್‌ಬೋರ್ಡಿನ ಬಾಣದ ಗುರುತೂ ಅದನ್ನೇ ಹೇಳುತ್ತದೆ. ಪೆಟ್ರೋಲ್ ಬೆಲೆ ನೋಡಿದರೆ ಅದು ತಪ್ಪೂ ಅಲ್ಲ. ಆದರೆ ಬೆಚ್ಚಗಾದ ಇಂಜಿನ್ 4,000 ಸುತ್ತಿನಲ್ಲಿ ಹತ್ತು ಸೆಕೆಂಡ್ ಓಡಿದರೆ ಹಾಳಾಗುವುದಿಲ್ಲ. ಕೆಂಪು ಗೆರೆ ಇರುವುದು ಅದಕ್ಕಿಂತ ತುಂಬಾ ಮೇಲೆ. ಕೆಳಗಿನ ಸುತ್ತಿನಲ್ಲಿ ಪೂರ್ತಿ ತುಳಿದು ಟಕಟಕ ಅನ್ನಿಸುವುದೇ ಇಂಜಿನ್‌ಗೆ ಹೆಚ್ಚು ತ್ರಾಸ.

1.2 ಲೀಟರ್ ಎಲ್ಲಿಂದ ಬಂತು? ಬಜೆಟ್ ಪುಸ್ತಕದಿಂದ

ನಮ್ಮ ಹ್ಯಾಚ್‌ಬ್ಯಾಕ್‌ಗಳೆಲ್ಲ ನಾಲ್ಕು ಮೀಟರಿನೊಳಗೆ, 1,200 ಸಿಸಿಯೊಳಗೆ ಇರುವುದು ಇಂಜಿನಿಯರುಗಳ ಇಷ್ಟದಿಂದಲ್ಲ. 2006ರ ಕೇಂದ್ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ ಉದ್ದ 4,000 ಮಿ.ಮೀ. ಮೀರಬಾರದು, ಪೆಟ್ರೋಲ್ ಇಂಜಿನ್ 1,200 ಸಿಸಿ, ಡೀಸೆಲ್ ಇಂಜಿನ್ 1,500 ಸಿಸಿ ಮೀರಬಾರದು. 2005ರಲ್ಲಿ 1.3 ಲೀಟರ್ ಪೆಟ್ರೋಲ್ ಇಂಜಿನ್‌ನೊಂದಿಗೆ ಬಂದಿದ್ದ ಸ್ವಿಫ್ಟ್ 2010ರಲ್ಲಿ 1.2ಕ್ಕೆ ಇಳಿದದ್ದು ಈ ಗೆರೆಯೊಳಗೆ ನುಸುಳಲು.

2017ರಲ್ಲಿ ಜಿಎಸ್‌ಟಿ ಬಂದಾಗಲೂ ಅದೇ ಗೆರೆ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಈ ಗೆರೆಯೊಳಗಿನ ಪೆಟ್ರೋಲ್ ಕಾರಿಗೆ ಶೇ. 18, ಅದರಾಚೆಗಿನದಕ್ಕೆ ಶೇ. 40. ಅಂದರೆ 1,201 ಸಿಸಿಯ ಕಾರು ಮಾಡಿದರೆ ಕಂಪನಿಗೆ ಮಾರುಕಟ್ಟೆಯೇ ಇಲ್ಲ. ಜನರಿಗೆ ಕೈಗೆಟುಕುವ ಕಾರು, ಕಡಿಮೆ ಇಂಧನ ಅನ್ನುವ ಉದ್ದೇಶ ಸರಿಯೇ. ಆದರೆ ಪರಿಣಾಮವನ್ನೂ ನೋಡಬೇಕು. ಸುರಕ್ಷತೆ, ಮಾಲಿನ್ಯ ನಿಯಮಗಳು ಬಿಗಿಯಾದ ಹಾಗೆಲ್ಲ ಕಾರಿಗೆ ಏರ್‌ಬ್ಯಾಗ್, ಗಟ್ಟಿ ಬಾಡಿ, ಎಮಿಷನ್ ಸಲಕರಣೆ ಸೇರುತ್ತ ಬಂದವು. ಇಂಜಿನ್ನಿನ ಗಾತ್ರ ಮಾತ್ರ 20 ವರ್ಷದಿಂದ ಅದೇ ಗೂಟಕ್ಕೆ ಕಟ್ಟಿಕೊಂಡಿದೆ. ಕಂಪನಿಗಳು ಕಂಡುಕೊಂಡ ದಾರಿ 1 ಲೀಟರಿನ ಟರ್ಬೊ ಇಂಜಿನ್. ಅದರ ಪಿಕಪ್ ಚೆನ್ನ, ಆದರೆ ಬೆಲೆ ಜಾಸ್ತಿ. ಹೀಗೆ ಘಾಟಿಯಲ್ಲಿ ಸರಾಗವಾಗಿ ಓವರ್‌ಟೇಕ್ ಮಾಡುವ ಅನುಕೂಲವೂ ಮೇಲಿನ ವೇರಿಯಂಟ್ ಕೊಳ್ಳಬಲ್ಲವರ ಪಾಲಾಯಿತು.

ಎತ್ತರ, ಎಸಿ, ಸಿಎನ್‌ಜಿ: ಕಣ್ಣಿಗೆ ಕಾಣದ ಕಳ್ಳರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹೆಚ್ಚುಕಡಿಮೆ ಶೇ. 8-9ರಷ್ಟು ತೆಳು. ಟರ್ಬೊ ಇಲ್ಲದ ಇಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟೇ ಪೆಟ್ರೋಲ್ ಸುಡಬಲ್ಲದು. ಹಾಗಾಗಿ ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಕರಾವಳಿಗೆ ಇಳಿದಾಗ ಕಾರು ಚುರುಕಾಗಿದೆ ಅನ್ನಿಸಿದರೆ ಅದು ನಿಮ್ಮ ಭ್ರಮೆಯಲ್ಲ. ಟರ್ಬೊ ಇಂಜಿನ್ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಎಸಿ ಕಂಪ್ರೆಸರ್ ಜೋರು ಬಿಸಿಲಿನಲ್ಲಿ ಎರಡರಿಂದ ನಾಲ್ಕು ಕಿಲೋವ್ಯಾಟ್ ತಿನ್ನುತ್ತದೆ. 60ರಲ್ಲಿ ಮೂರು ಹೋದರೆ ಗೊತ್ತಾಗುವುದಿಲ್ಲ. ಐದನೇ ಗೇರಿನ 12ರಲ್ಲಿ ಮೂರು ಹೋದರೆ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಕಂಪ್ಯೂಟರೇ ಎಸಿಯನ್ನು ಕ್ಷಣಕಾಲ ಬಿಡಿಸುತ್ತದೆ.

ಸಿಎನ್‌ಜಿ ಇನ್ನೊಂದು. ಅನಿಲ ರೂಪದ ಇಂಧನ ಸಿಲಿಂಡರಿನೊಳಗೆ ಗಾಳಿಯ ಜಾಗವನ್ನೇ ಆಕ್ರಮಿಸುತ್ತದೆ. ಅದೇ ಸ್ವಿಫ್ಟ್ ಸಿಎನ್‌ಜಿಯಲ್ಲಿ ಓಡುವಾಗ 82 ಪಿಎಸ್ ಹೋಗಿ 70ರ ಹತ್ತಿರ ಬರುತ್ತದೆ, ಮೇಲೆ ಗ್ಯಾಸ್ ಸಿಲಿಂಡರಿನ ತೂಕ ಬೇರೆ. ಕಿಲೋಮೀಟರಿಗೆ ಉಳಿಯುವ ದುಡ್ಡು ದೊಡ್ಡದು, ಕ್ಯಾಬ್ ಓಡಿಸುವ ಅಣ್ಣಂದಿರಿಗೆ ಬೇರೆ ಆಯ್ಕೆಯೂ ಇಲ್ಲ. ಆದರೆ ಘಾಟಿಯಲ್ಲಿ ಅಥವಾ ಓವರ್‌ಟೇಕ್‌ಗೆ ಮುಂಚೆ ಪೆಟ್ರೋಲ್‌ಗೆ ಬದಲಿಸುವ ಸ್ವಿಚ್ ಇರುವುದು ಬಳಸುವುದಕ್ಕೇ.

ಈಗ ಇ20 ವಿಷಯ

ಎಥನಾಲ್ ಬೆರಕೆ 2014ರಲ್ಲಿ ಶೇ. 1.5ರ ಆಸುಪಾಸಿನಲ್ಲಿತ್ತು. ಶೇ. 20ರ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆ ತಂದು, 2025ರಲ್ಲಿ ಮುಟ್ಟಿಯೂ ಆಯಿತು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ಹಾಗಾಗಿ ಒಂದು ಲೀಟರ್ ಇ20ಯಲ್ಲಿ ಶುದ್ಧ ಪೆಟ್ರೋಲ್‌ಗಿಂತ ಶೇ. 6-7 ಶಕ್ತಿ ಕಡಿಮೆ. 'ಅಂದ್ಮೇಲೆ ಪಿಕಪ್ಪೂ ಅಷ್ಟೇ ಕಡಿಮೆ' ಅನ್ನುವುದು ನನ್ನ ತರ್ಕವಾಗಿತ್ತು. ಅದು ತಪ್ಪು.

ಯಾಕೆಂದರೆ ಪಿಕಪ್ಪಿಗೆ ಮಿತಿ ಹಾಕುವುದು ಟ್ಯಾಂಕಿನ ಲೀಟರ್ ಅಲ್ಲ, ಸಿಲಿಂಡರಿಗೆ ಹೋಗುವ ಗಾಳಿ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕು. ಎಥನಾಲ್‌ಗೆ 9 ಕೆ.ಜಿ. ಸಾಕು, ಯಾಕೆಂದರೆ ಅದರೊಳಗೇ ಆಮ್ಲಜನಕ ಇದೆ. ಲೆಕ್ಕ ಹಾಕಿದರೆ ಒಂದು ಕೆ.ಜಿ. ಗಾಳಿಯೊಂದಿಗೆ ಉರಿದಾಗ ಎರಡೂ ಕೊಡುವ ಶಕ್ತಿ ಬಹುತೇಕ ಒಂದೇ: 3 ಮೆಗಾಜೂಲ್ ಹತ್ತಿರ. ಕಾರಿನ ಆಕ್ಸಿಜನ್ ಸೆನ್ಸರ್ ಇದನ್ನು ಗಮನಿಸಿ ಇಂಜೆಕ್ಟರಿನಿಂದ ಸ್ವಲ್ಪ ಹೆಚ್ಚು ಇಂಧನ ಚಿಮ್ಮಿಸುತ್ತದೆ. ಎಳೆತ ಹಾಗೇ ಉಳಿಯುತ್ತದೆ, ಟ್ಯಾಂಕ್ ಬೇಗ ಖಾಲಿಯಾಗುತ್ತದೆ. ಅಂದರೆ ಇ20 ಕದಿಯುವುದು ಪಿಕಪ್ಪನ್ನಲ್ಲ, ಮೈಲೇಜನ್ನು.

ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ಸ್ಪಷ್ಟೀಕರಣದಲ್ಲಿ, ಇ20ಗೆ ಹೊಂದಿಸಿದ ವಾಹನಗಳಲ್ಲಿ ಪಿಕಪ್ ಇನ್ನೂ ಉತ್ತಮ ಅಂತ ಹೇಳಿತು. ತಾಂತ್ರಿಕವಾಗಿ ಅದರಲ್ಲಿ ಹುರುಳಿದೆ. ಎಥನಾಲ್‌ನ ಆಕ್ಟೇನ್ ಹೆಚ್ಚು, ಅದು ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪು ಮಾಡುತ್ತದೆ. ಅದಕ್ಕೆಂದೇ ರೂಪಿಸಿದ ಇಂಜಿನ್ ಇದರ ಲಾಭ ಪಡೆಯಬಲ್ಲದು. ಆದರೆ 'ಇ20ಗೆ ಹೊಂದಿಸಿದ' ಅನ್ನುವ ಪದದ ಮೇಲೆ ಬೆರಳಿಡಿ. ನೀತಿ ಆಯೋಗ 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರವೇ, ಇ20 ತಾಳಿಕೊಳ್ಳುವ ಬಿಡಿಭಾಗಗಳ ವಾಹನ 2023ರ ಏಪ್ರಿಲ್‌ನಿಂದ, ಇ20ಗೆ ಟ್ಯೂನ್ ಆದ ಇಂಜಿನ್ 2025ರ ಏಪ್ರಿಲ್‌ನಿಂದ ಬರಬೇಕಿತ್ತು. ರಸ್ತೆಯಲ್ಲಿರುವ ಕೋಟ್ಯಂತರ ವಾಹನಗಳು ಅದಕ್ಕೂ ಹಿಂದಿನವು. ನನ್ನದೂ ಅದರಲ್ಲೊಂದು.

ಹಳೆಯ ಕಾರಿನಲ್ಲಿ ನಿಜವಾದ ತೊಂದರೆ ಎರಡು ಕಡೆಯಿಂದ ಬರಬಹುದು. ಒಂದು, ಪೂರ್ತಿ ತುಳಿದಾಗ ಹಲವು ಕಾರುಗಳ ಕಂಪ್ಯೂಟರ್ ಸೆನ್ಸರ್ ಮಾತು ಬಿಟ್ಟು ಮೊದಲೇ ಬರೆದಿಟ್ಟ ಅಳತೆಯಲ್ಲಿ ಇಂಧನ ಕೊಡುತ್ತದೆ. ಆ ಅಳತೆ ಇ20ಗೆ ಬರೆದದ್ದಲ್ಲದಿದ್ದರೆ ಇಂಧನ ಸ್ವಲ್ಪ ಕಮ್ಮಿ ಬೀಳಬಹುದು. ಎರಡು, ಎಥನಾಲ್ ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಕೆಡಿಸಬಲ್ಲದು, ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ತಳದ ಕಸವನ್ನು ಸಡಿಲಿಸಿ ಫಿಲ್ಟರಿಗೆ ತರುತ್ತದೆ. ಫಿಲ್ಟರ್ ಕಟ್ಟಿದರೆ ಪಿಕಪ್ ಹೋಗುತ್ತದೆ. ಅದು ದುರಸ್ತಿಯಾಗುವಂಥ ತೊಂದರೆ.

ಹಾಗಾದರೆ ಸಿಟ್ಟು ಯಾವುದರ ಮೇಲೆ ಇರಬೇಕು? ಅದೇ ನೀತಿ ಆಯೋಗದ ವರದಿ, ಇ10ಗೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ. 6-7 ಇಳಿಯುತ್ತದೆ ಅಂತ ಅಂದಾಜಿಸಿತ್ತು. ಶಕ್ತಿ ಕಡಿಮೆ ಇರುವುದರಿಂದ ಬೆರಕೆ ಇಂಧನದ ಬೆಲೆಯೂ ಕಡಿಮೆ ಇರಬೇಕು ಅಂತಲೂ ಹೇಳಿತ್ತು. ಬಂಕಿನಲ್ಲಿ ಆ ಕಡಿತ ನಮಗೆ ಕಾಣಿಸಲಿಲ್ಲ. ಹಳೆಯ ಗಾಡಿಯವರಿಗೆ ಕಡಿಮೆ ಬೆರಕೆಯ ಅದೇ ದರದ ಆಯ್ಕೆಯೂ ಉಳಿಯಲಿಲ್ಲ. ಆಯ್ಕೆ ಕೊಡಿ ಅಂತ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ರೈತರಿಗೆ ಲಾಭ ಅನ್ನುವುದು ಸರ್ಕಾರದ ವಾದ. ಆದರೆ ಎಥನಾಲ್‌ನ ತವರಾದ ಬೆಳಗಾವಿ ಜಿಲ್ಲೆಯಲ್ಲೇ, ಗುರ್ಲಾಪುರ ಕ್ರಾಸ್‌ನಲ್ಲಿ, 2025ರ ನವೆಂಬರ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ರಸ್ತೆಯಲ್ಲಿ ಕೂತಿದ್ದರು. ಬಂಕಿನಲ್ಲಿ ಹೆಚ್ಚು ಸುರಿಸಿಕೊಳ್ಳುವವನೂ ಗೊಣಗುತ್ತಿದ್ದಾನೆ, ಹೊಲದಲ್ಲಿ ಬೆಳೆದವನೂ ಬೀದಿಗಿಳಿದಿದ್ದಾನೆ. ನಡುವೆ ಉಳಿದದ್ದು ಯಾರಿಗೆ ಅನ್ನುವುದು ಕೇಳಬೇಕಾದ ಪ್ರಶ್ನೆ. 'ನನ್ನ ಪಿಕಪ್ ಹೋಯ್ತು' ಅಂತ ಕೂಗಿದರೆ ಸಚಿವಾಲಯ ಒಂದು ಪ್ಯಾರಾದಲ್ಲಿ ಉತ್ತರ ಕೊಟ್ಟು ಮುಗಿಸುತ್ತದೆ. 'ಶೇ. 6 ಶಕ್ತಿ ಕಡಿಮೆ ಕೊಟ್ಟು ಪೂರ್ತಿ ದರ ಯಾಕೆ?' ಅಂದರೆ ಅಷ್ಟು ಸುಲಭವಲ್ಲ.

ಏನು ಮಾಡಬಹುದು: ಖರ್ಚಿಲ್ಲದ್ದರಿಂದ ಶುರು ಮಾಡಿ

ಮೊದಲು ಅಳೆಯಿರಿ. ಖಾಲಿ, ನೇರ, ಸಮತಟ್ಟಾದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರಿಂದ 60 ಕಿ.ಮೀ.ಗೆ ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲಿ ಕೂತವರು ಫೋನಿನಲ್ಲಿ ನೋಡಲಿ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನೋಡಿ ಸರಾಸರಿ ತೆಗೆಯಿರಿ. ಮುಂದೆ ಏನೇ ಬದಲಿಸಿದರೂ ಮತ್ತೆ ಇದನ್ನೇ ಮಾಡಿ. ಇಲ್ಲದಿದ್ದರೆ ದುಡ್ಡು ಖರ್ಚು ಮಾಡಿದ ಸಮಾಧಾನವೇ ಪಿಕಪ್ ಥರ ಕಾಣುತ್ತದೆ.

ಗೇರ್: ಓವರ್‌ಟೇಕ್‌ಗೆ ಬಲಕ್ಕೆ ತೆಗೆಯುವ ಮೊದಲೇ ಗೇರ್ ಇಳಿಸಿ, ಆಮೇಲೆ ಅಲ್ಲ. ಎಎಂಟಿ ಕಾರಿನಲ್ಲಿ ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಲ್ಲುತ್ತದೆ. ಆ ಕ್ಷಣ ಎದುರು ಲೇನಿನಲ್ಲಿ ಬರದಂತೆ ಮೊದಲೇ ಮ್ಯಾನುಯಲ್ ಮೋಡಿಗೆ ಹಾಕಿ.

ತೂಕ: ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಉಳಿದ ಸಾಮಾನು ಇಳಿಸಿ. ಬಳಸದ ರೂಫ್ ಕ್ಯಾರಿಯರ್ ಬಿಚ್ಚಿಡಿ, ಅದು ತೂಕದ ಜತೆ ಗಾಳಿಯನ್ನೂ ತಡೆಯುತ್ತದೆ. ಸ್ಟೆಪ್ನಿ ಮಾತ್ರ ತೆಗೆಯಬೇಡಿ.

ಗಾಳಿ: ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ಎಷ್ಟು ಗಾಳಿ ಅಂತ ಬರೆದಿದೆ. ಪೂರ್ತಿ ಜನ ತುಂಬಿದಾಗ ಎಷ್ಟು ಅಂತ ಬೇರೆ ಅಂಕಿಯೂ ಇರಬಹುದು. ಟೈರ್ ತಣ್ಣಗಿದ್ದಾಗ ತುಂಬಿಸಿ.

ಇನ್ನು ಸ್ವಲ್ಪ ಖರ್ಚಿನವು. ಏರ್ ಫಿಲ್ಟರನ್ನು ಧೂಳಿನ ಊರುಗಳಲ್ಲಿ ಕಂಪನಿ ಹೇಳಿದ್ದಕ್ಕಿಂತ ಬೇಗ ನೋಡಿಸಿ. ಸ್ಪಾರ್ಕ್ ಪ್ಲಗ್ ಅವಧಿ ಮುಗಿದಿದ್ದರೆ ಬದಲಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ಕ್ಲಚ್ ಪರೀಕ್ಷೆ ಸುಲಭ: ನಾಲ್ಕನೇ ಗೇರಿನಲ್ಲಿ 50ರ ವೇಗದಲ್ಲಿ ಜೋರಾಗಿ ತುಳಿದಾಗ ಆರ್‌ಪಿಎಂ ಮುಳ್ಳು ಮೇಲೆ ಹಾರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹತ್ತಿಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಹತ್ತಿರ ಮಾತ್ರ ಕಾವು ಜಾಸ್ತಿ ಇದ್ದರೆ ಆ ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿಸಿ. ಸೆನ್ಸರ್ ಕೆಟ್ಟರೆ ಕಂಪ್ಯೂಟರೇ ಪವರ್ ಕಡಿತ ಮಾಡುವುದುಂಟು.

ನನ್ನ ಕಾರಿಗೆ ಗಾಳಿ, ಫಿಲ್ಟರ್, ಕ್ಲಚ್ ಮೂರೂ ಆದ ಮೇಲೆ ಇಂಜಿನ್ ಕೂಗಿಗೆ ತಕ್ಕಂತೆ ಗಾಡಿ ಎಳೆಯಲು ಶುರುವಾಯಿತು. ಹೊಸ ಪವರ್ ಏನೂ ಬರಲಿಲ್ಲ. ಕಳೆದುಕೊಂಡದ್ದು ವಾಪಸ್ ಬಂತು, ಅಷ್ಟೇ.

ಏನು ಮಾಡಬಾರದು

ಟೈರ್ ಅಗಲ, ಎತ್ತರ ಹೆಚ್ಚಿಸಿದರೆ ಕಾರು ನೋಡಲು ಗಟ್ಟಿಮುಟ್ಟು. ಆದರೆ ಚಕ್ರದ ಸುತ್ತಳತೆ ಹೆಚ್ಚಿದಷ್ಟೂ ರಸ್ತೆಗೆ ಸಿಗುವ ತಳ್ಳುವ ಬಲ ಕಡಿಮೆ, ತೂಕವೂ ಜಾಸ್ತಿ. ಪಿಕಪ್ ಇಳಿಯುತ್ತದೆ. ಬಿಸಿ ಇಂಜಿನ್ ಪಕ್ಕದಲ್ಲೇ ಬಾಯ್ತೆರೆದ ಕೋನ್ ಫಿಲ್ಟರ್ ಸದ್ದು ಹೆಚ್ಚಿಸಿ ಬಿಸಿ ಗಾಳಿ ಕುಡಿಸುತ್ತದೆ. 100 ಆಕ್ಟೇನ್ ಪೆಟ್ರೋಲ್, ಅದನ್ನು ಬಳಸಿಕೊಳ್ಳುವಂತೆ ಮಾಡದ ಇಂಜಿನ್‌ಗೆ ದುಬಾರಿ ತೀರ್ಥ. ಟರ್ಬೊ ಇಲ್ಲದ ಸಣ್ಣ ಇಂಜಿನ್‌ಗೆ ಇಸಿಯು ರೀಮ್ಯಾಪ್ ಮಾಡಿದರೆ ಸಿಗುವುದು ತೀರಾ ಕಡಿಮೆ. ಟರ್ಬೊ ಇಂಜಿನ್‌ನಲ್ಲಿ ಹೆಚ್ಚು ಸಿಗುತ್ತದೆ ನಿಜ, ಆದರೆ ಕ್ಲಚ್, ಗೇರ್‌ಬಾಕ್ಸ್ ಅದಕ್ಕೆ ಮಾಡಿದವಲ್ಲ, ವಾರಂಟಿ ಹೋಗುತ್ತದೆ, ಹೊಗೆಯ ಲೆಕ್ಕ ತಪ್ಪುತ್ತದೆ. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ನೀವೇ ಕಾರಣ ಕೊಟ್ಟಂತೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ನಿಗದಿ ಮಾಡಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅನ್ನುತ್ತದೆ.

ಪಿಕಪ್ ಬೇರೆ, ವೇಗ ಬೇರೆ

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ. 70ಕ್ಕೂ ಹೆಚ್ಚು ಸಾವಿಗೆ ಸರ್ಕಾರಿ ದಾಖಲೆ ಬರೆದ ಕಾರಣ ಅತಿವೇಗ. ಇಂಥ ದೇಶದಲ್ಲಿ ಪಿಕಪ್ ಬಗ್ಗೆ ಇಷ್ಟುದ್ದ ಬರೆಯುವುದು ಸರಿಯೇ ಅಂತ ನನಗೂ ಅನ್ನಿಸಿತು. ಆದರೆ ನಾನು ಮೇಲೆ ಹಾಕಿದ ಲೆಕ್ಕದಲ್ಲಿ ಎಲ್ಲೂ 70 ದಾಟಿಲ್ಲ. ಪಿಕಪ್ ಬೇಕಾಗುವುದು ಎಷ್ಟು ವೇಗಕ್ಕೆ ಹೋಗುತ್ತೇವೆ ಅನ್ನುವುದಕ್ಕಲ್ಲ, ಎದುರು ಲೇನಿನಲ್ಲಿ ಎಷ್ಟು ಹೊತ್ತು ಇರುತ್ತೇವೆ ಅನ್ನುವುದಕ್ಕೆ. ನಮ್ಮ ಎರಡು ಲೇನಿನ ರಸ್ತೆಗಳಲ್ಲಿ ಓವರ್‌ಟೇಕ್ ಲೇನುಗಳಿದ್ದರೆ, ಏರಿನಲ್ಲಿ ಲಾರಿಗಳಿಗೆ ಪ್ರತ್ಯೇಕ ದಾರಿ ಇದ್ದರೆ, ತಿಪಟೂರಿನಿಂದ ಹುಳಿಯಾರಿಗೆ ಹೊತ್ತಿಗೆ ಸರಿಯಾಗಿ ಸಾಕಷ್ಟು ಬಸ್ಸು ಇದ್ದರೆ, ಈ ಲೆಕ್ಕದ ಅಗತ್ಯವೇ ಕಡಿಮೆಯಾಗುತ್ತಿತ್ತು. ಅದನ್ನು ಕೇಳುವುದನ್ನು ಬಿಡುವುದು ಬೇಡ.

ಅಲ್ಲಿಯವರೆಗೆ ಲೆಕ್ಕ ಗೊತ್ತಿರಲಿ. ಕಳೆದ ತಿಂಗಳು ಅದೇ ರಸ್ತೆಯಲ್ಲಿ, ಅದೇ ನಾಲ್ಕು ಜನರೊಂದಿಗೆ ಹೋದೆ. ಮತ್ತೆ ಲಾರಿ ಸಿಕ್ಕಿತು. ಗೇರನ್ನು ಮೂರಕ್ಕೆ ಇಳಿಸಿ ಎದುರು ನೋಡಿದೆ. ಬಸ್ಸು ಬರುತ್ತಿತ್ತು. ಜಾಗ ಸಾಕು ಅಂತ ಖಚಿತವಾಗಲಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದು ಲಾರಿಯ ಹಿಂದೆಯೇ ಉಳಿದೆ.

ಹಿಂದಿನ ಸೀಟಿನಿಂದ ಅಮ್ಮ ಅಂದಳು: "ನಿಧಾನ ಹೋಗಪ್ಪ, ಊರೇನು ಓಡಿ ಹೋಗಲ್ಲ."